ಎಡಗಾಲಿನ ಊರು

ನಮ್ಮ ಮನೆಯ ಜೀಪಿಗೆ ಒಂದು ಕಲ್ಲಿತ್ತು. ತೆಂಗಿನಕಾಯಿ ಗಾತ್ರದ, ಒಂದು ಮಗ್ಗುಲು ಚಪ್ಪಟೆಯಾದ ಕಾಡುಗಲ್ಲು. ಜೀಪು ಎಲ್ಲಿಗೆ ಹೋದರೂ ಹಿಂದಿನ ಸೀಟಿನ ಕೆಳಗೆ ಕೂತು ಅದೂ ಬರುತ್ತಿತ್ತು. ಗಾಡಿ ನಿಂತ ಕೂಡಲೇ ಮಕ್ಕಳಲ್ಲಿ ಒಬ್ಬರು ಹಾರಿ ಇಳಿದು ಆ ಕಲ್ಲನ್ನು ಮುಂದಿನ ಚಕ್ರಕ್ಕೆ ಕೊಡಬೇಕು. ‘ಕೊಟ್ಟಾಯ್ತು’ ಎಂದು ಕೂಗಿದ ಮೇಲೆಯೇ ಚಿಕ್ಕಪ್ಪ ಬ್ರೇಕಿನಿಂದ ಕಾಲು ತೆಗೆಯುತ್ತಿದ್ದ.

ತೀರ್ಥಹಳ್ಳಿಗೂ ಆಗುಂಬೆಗೂ ನಡುವಿನ ಊರು ನಮ್ಮದು. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರ್ ಮೀರಿ ಮಳೆ ಬೀಳುತ್ತದೆ. ಅದರ ಥಂಡಿ ನಮ್ಮೂರಿನ ಗೋಡೆ, ಹಾಸಿಗೆ, ಅಕ್ಕಿ ಡಬ್ಬಿಗಳ ಜೊತೆಗೆ ಜೀಪಿನ ಬ್ಯಾಟರಿಗೂ ಹಿಡಿಯುತ್ತಿತ್ತು. ಆಷಾಢದ ಬೆಳಿಗ್ಗೆ ಕೀಲಿ ತಿರುಗಿಸಿದರೆ ಕಟ್ ಕಟ್ ಎನ್ನುವುದು ಬಿಟ್ಟರೆ ಬೇರೆ ಉತ್ತರವಿಲ್ಲ. ಅದಕ್ಕೇ ಜೀಪನ್ನು ಅಂಗಳದಲ್ಲಿ ನಿಲ್ಲಿಸುತ್ತಿರಲಿಲ್ಲ. ಅಂಗಳದಿಂದ ರಸ್ತೆಗೆ ಇಳಿಯುವ ಏರಿನ ನೆತ್ತಿಯಲ್ಲಿ, ಮೂತಿ ಕೆಳಗೆ ಮಾಡಿ ನಿಲ್ಲಿಸುತ್ತಿದ್ದೆವು. ಎರಡನೇ ಗೇರ್ ಹಾಕಿ, ಕ್ಲಚ್ ಒತ್ತಿ ಹಿಡಿದು, ಕಲ್ಲು ತೆಗೆಸಿದರೆ ಜೀಪು ತಾನಾಗಿ ಉರುಳತೊಡಗುತ್ತದೆ. ಒಂದಿಷ್ಟು ವೇಗ ಕೂಡಿದ ಮೇಲೆ ಕ್ಲಚ್ ಬಿಟ್ಟರೆ ಚಕ್ರವೇ ಎಂಜಿನ್ನನ್ನು ತಿರುಗಿಸುತ್ತದೆ; ಇಡೀ ಗಾಡಿ ಒಮ್ಮೆ ಮೈ ಕೊಡವಿಕೊಂಡು ಏಳುತ್ತದೆ. ನಮ್ಮ ಪಾಲಿಗೆ ಆ ಏರೇ ಬ್ಯಾಟರಿ, ಆ ಕಲ್ಲೇ ಸ್ವಿಚ್ಚು.

ಗೇರಿನ ಕಾರು ಒಳ್ಳೆಯದೋ ಆಟೊಮ್ಯಾಟಿಕ್ ಒಳ್ಳೆಯದೋ ಎಂಬ ಮಾತು ಈಗ ನಮ್ಮ ಬಳಗದ ಪ್ರತಿ ಮದುವೆ ಮನೆಯಲ್ಲೂ ಊಟದ ಪಂಕ್ತಿಗೆ ಬರುತ್ತದೆ. ಊರಲ್ಲಿರುವವರು ಒಂದು ಕಡೆ, ಬೆಂಗಳೂರಿಗೆ ಹೋದವರು ಒಂದು ಕಡೆ, ಸಮುದ್ರ ದಾಟಿದವರು ಇನ್ನೊಂದು ಕಡೆ. ಅವರವರ ಮಾತು ಅವರಿಗೆ ಸರಿ. ಮೂರೂ ಕಡೆಯ ಮಾತು ಕೇಳಿದಾಗೆಲ್ಲ ನನಗೆ ಆ ಕಲ್ಲು ಕಣ್ಣಿಗೆ ಬರುತ್ತದೆ. ಬ್ಯಾಟರಿ ಸತ್ತರೆ ಆಟೊಮ್ಯಾಟಿಕ್ ಕಾರನ್ನು ಇಳಿಜಾರಿನಲ್ಲಿ ಉರುಳಿಸಿ ಎಬ್ಬಿಸಲು ಬರುವುದಿಲ್ಲ. ಬೆಂಗಳೂರಿನಲ್ಲಿ ಈ ಸಂಗತಿ ಯಾರಿಗೂ ಬೇಕಿಲ್ಲ. ಫೋನ್ ಮಾಡಿದರೆ ಅರ್ಧ ಗಂಟೆಯಲ್ಲಿ ಯಾರೋ ಬ್ಯಾಟರಿ ಹೊತ್ತು ತರುತ್ತಾರೆ. ನಮ್ಮೂರಲ್ಲಿ, ರಾತ್ರಿ ಹೆರಿಗೆ ನೋವು ಬಂದ ಮನೆಯಲ್ಲಿ, ಅದಕ್ಕಿಂತ ದೊಡ್ಡ ಸಂಗತಿ ಇರಲಿಲ್ಲ. ಕಾರಿನ ಆಯ್ಕೆಯನ್ನು ನಾವು ಮಾಡುತ್ತೇವೆ ಎಂದುಕೊಳ್ಳುತ್ತೇವೆ. ಬಹಳ ಮಟ್ಟಿಗೆ ನಾವು ಓಡಾಡಿದ ರಸ್ತೆ ಅದನ್ನು ಮೊದಲೇ ಮಾಡಿ ಮುಗಿಸಿರುತ್ತದೆ.

1987ರ ಬೇಸಿಗೆಯಲ್ಲಿ, ಪಿಯುಸಿ ಮುಗಿದ ರಜೆಯಲ್ಲಿ, ಶಾಲೆಯ ಬಯಲಿನಲ್ಲಿ ಚಿಕ್ಕಪ್ಪ ನನಗೆ ಜೀಪು ಕಲಿಸಿದ. ಅದು ಮೂರೇ ಗೇರಿನ ಹಳೇ ಮಹೀಂದ್ರ. ಆ ಜೀಪುಗಳ ಮೊದಲನೇ ಗೇರಿಗೆ ಹಲ್ಲುಗಳನ್ನು ಒಂದೇ ವೇಗಕ್ಕೆ ತಂದು ಕೂಡಿಸುವ ಸಿಂಕ್ರೋಮೆಶ್ ಏರ್ಪಾಟು ಇರಲಿಲ್ಲ. ಗಾಡಿ ಪೂರ್ತಿ ನಿಂತ ಮೇಲೆಯೇ ಮೊದಲನೆಯದು ಬೀಳುತ್ತಿತ್ತು. ಓಡುವಾಗ ಹಾಕಹೋದರೆ ಒಳಗೆ ಕಬ್ಬಿಣ ಕಬ್ಬಿಣವನ್ನು ಕಡಿಯುವ ಸದ್ದು. ಏರಿನ ನಡುವೆ ಸೋತ ಜೀಪನ್ನು ನಿಲ್ಲಿಸದೆ ಮೊದಲನೆಯದಕ್ಕೆ ತರಬೇಕಾದರೆ ಡಬಲ್ ಕ್ಲಚ್ ಮಾಡಬೇಕು. ಕ್ಲಚ್ ಒತ್ತಿ ನ್ಯೂಟ್ರಲ್, ಕ್ಲಚ್ ಬಿಟ್ಟು ಒಂದು ಸಲ ಆಕ್ಸಲರೇಟರ್, ಮತ್ತೆ ಕ್ಲಚ್ ಒತ್ತಿ ಗೇರ್. ಇಷ್ಟೂ ಕೆಲಸ ಒಂದು ಉಸಿರಿನೊಳಗೆ ಆಗಬೇಕು. ಶಿವಮೊಗ್ಗದ ಬಸ್ಸಿನಲ್ಲಿ ಡ್ರೈವರ್ ಪಕ್ಕದ ಬಿಸಿ ಬಾನೆಟ್ಟಿನ ಮೇಲೆ ಟವೆಲ್ ಹಾಸಿಕೊಂಡು ಕೂರುತ್ತಿದ್ದ ಕಾಲದಲ್ಲಿ, ಅವರ ಎಡಗಾಲು ಎರಡೆರಡು ಸಲ ಏಳುವುದನ್ನು ನಾನು ನೋಡಿದ್ದೆ. ಅದು ಯಾಕೆಂದು ತಿಳಿದದ್ದು ಆ ಬಯಲಿನಲ್ಲಿ.

‘ಕ್ಲಚ್ಚನ್ನ ಕಾಲಲ್ಲಿ ಬಿಡಬ್ಯಾಡ ಮಗಾ, ಕಿವೀಲಿ ಬಿಡು’ ಎನ್ನುತ್ತಿದ್ದ ಚಿಕ್ಕಪ್ಪ. ಎಡಗಾಲನ್ನು ಮೆಲ್ಲಗೆ ಎತ್ತುತ್ತ ಬಂದರೆ ಒಂದು ಕಡೆ ಎಂಜಿನ್ನಿನ ದನಿ ತುಸು ಕೆಳಗಿಳಿಯುತ್ತದೆ, ಹೊರೆ ಹೊತ್ತವರು ಮೊದಲ ಹೆಜ್ಜೆ ಇಡುವಾಗ ಉಸಿರು ಬಿಗಿಹಿಡಿದ ಹಾಗೆ. ಅಲ್ಲಿ ಕಾಲು ನಿಲ್ಲಬೇಕು. ಅದೇ ಹಾಫ್ ಕ್ಲಚ್. ಜೀಪಿನ ಹ್ಯಾಂಡ್ ಬ್ರೇಕನ್ನು ನಂಬುವ ಹಾಗಿರಲಿಲ್ಲವಾದ್ದರಿಂದ ಏರಿನಲ್ಲಿ ಗಾಡಿ ಹಿಂದೆ ಸರಿಯದಂತೆ ಹಿಡಿಯುವ ಆಧಾರ ಅದೊಂದೇ. ಎಂಟು ದಿನ ಅದೊಂದನ್ನೇ ಮಾಡಿಸಿದ. ಸ್ಟೇರಿಂಗ್ ತಿರುಗಿಸುವುದನ್ನು ಹೇಳಿಕೊಟ್ಟ ನೆನಪೇ ನನಗಿಲ್ಲ.

ಒಂಬತ್ತನೇ ದಿನ ಆಗುಂಬೆ ಘಾಟಿ. ಸೋಮೇಶ್ವರಕ್ಕೆ ಇಳಿಯುವ ಆ ದಾರಿಯಲ್ಲಿ 14 ಹೇರ್‌ಪಿನ್ ತಿರುವುಗಳು. ಕೆಲವು ಕಡೆ ಮಿನಿ ಬಸ್ಸು ಕೂಡ ಒಂದೇ ಸಲಕ್ಕೆ ಹೊರಳಲಾರದು. ಅಲ್ಲಿ ಚಿಕ್ಕಪ್ಪ ಹೇಳಿದ್ದು, ಮಲೆನಾಡಿನ ಯಾವ ಡ್ರೈವರ್ ಆದರೂ ಹೇಳುವ ಮಾತು: ಯಾವ ಗೇರಿನಲ್ಲಿ ಹತ್ತುತ್ತೀಯೋ ಅದೇ ಗೇರಿನಲ್ಲಿ ಇಳಿ. ಇಳಿಜಾರಿನಲ್ಲಿ ಚಿಕ್ಕ ಗೇರ್ ಹಾಕಿ ಆಕ್ಸಲರೇಟರ್ ಬಿಟ್ಟರೆ ಚಕ್ರಗಳು ಎಂಜಿನ್ನನ್ನು ಎಳೆಯಬೇಕಾಗುತ್ತದೆ. ಎಂಜಿನ್ ಸುಲಭಕ್ಕೆ ಬಗ್ಗುವುದಿಲ್ಲ. ಆ ಹಟವೇ ಗಾಡಿಯನ್ನು ಹಿಡಿದಿಡುತ್ತದೆ. ಬ್ರೇಕಿಗೆ ಬಿಡುವು ಸಿಗುತ್ತದೆ. ಇದು ತಿಳಿಯದವರು ಪೆಟ್ರೋಲ್ ಉಳಿಯಲಿ ಎಂದು ನ್ಯೂಟ್ರಲ್ ಮಾಡಿಕೊಂಡು, ಬ್ರೇಕಿನ ಮೇಲೆಯೇ ಕಾಲಿಟ್ಟು ಇಳಿಯುತ್ತಾರೆ. ನಾಲ್ಕು ತಿರುವು ಕಳೆಯುವಷ್ಟರಲ್ಲಿ ಬ್ರೇಕು ಕಾದು ಸುಟ್ಟ ವಾಸನೆ ಬರುತ್ತದೆ. ಆಮೇಲೆ ಎಷ್ಟು ಒತ್ತಿದರೂ ಹಿಡಿಯುವುದಿಲ್ಲ. ಚಿಕ್ಕಪ್ಪ ಯಾರಿಗೂ ಬೈದವನಲ್ಲ. ನ್ಯೂಟ್ರಲ್‌ನಲ್ಲಿ ಘಾಟಿ ಇಳಿದ ಒಬ್ಬ ನೆಂಟನನ್ನು ಮಾತ್ರ ಸೋಮೇಶ್ವರದಲ್ಲಿ ಜೀಪಿನಿಂದ ಇಳಿಸಿ, ತಾನೇ ಓಡಿಸಿಕೊಂಡು ವಾಪಸು ಬಂದಿದ್ದ.

ಘಾಟಿಯ ಇನ್ನೊಂದು ಕಟ್ಟಳೆಯೂ ಎಡಗಾಲಿನದೇ. ಇಳಿಯುವ ಗಾಡಿ ನಿಂತು ಹತ್ತುವ ಗಾಡಿಗೆ ದಾರಿ ಬಿಡಬೇಕು. ದೇಶದ ರಸ್ತೆ ನಿಯಮದಲ್ಲೂ ಇದು ಬರೆದಿದೆ. ಅದರ ಹಿಂದಿರುವುದು ಮರುಕ ಎಂದೇ ನಾನು ತಿಳಿದಿದ್ದೇನೆ. ಏರಿನ ನಡುವೆ ಹೊರೆ ಹೊತ್ತ ಗಾಡಿ ಒಮ್ಮೆ ನಿಂತರೆ ಮತ್ತೆ ಹೊರಡುವುದು ಎಷ್ಟು ಕಷ್ಟ, ಕ್ಲಚ್ ಪ್ಲೇಟ್ ಎಷ್ಟು ಸವೆಯುತ್ತದೆ ಎಂದು ಬಲ್ಲವರು ಮಾಡಿದ ನಿಯಮ ಅದು.

ಮದುವೆಯಾಗಿ ಬಯಲುಸೀಮೆಯ ಮನೆ ಸೇರಿದಾಗ, ಗಾಡಿ ಓಡಿಸುವ ಜಾಣತನಕ್ಕೆ ಬೇರೆಯೇ ಅರ್ಥವಿದೆ ಎಂದು ಗೊತ್ತಾಯಿತು. ನನ್ನ ಯಜಮಾನರ ಊರು ಚಳ್ಳಕೆರೆ ಕಡೆ. ಕಣ್ಣು ಹಾಯುವವರೆಗೂ ಶೇಂಗಾ ಹೊಲ, ಅದರ ನಡುವೆ ದಾರ ಎಳೆದ ಹಾಗೆ ರಸ್ತೆ. ಮಾವನವರ ಹತ್ತಿರ ಅಂಬಾಸಡರ್ ಇತ್ತು. ಟಾಪ್ ಗೇರಿಗೆ ಬಿದ್ದ ಮೇಲೆ ಚಿತ್ರದುರ್ಗದವರೆಗೆ ಗೇರ್ ರಾಡು ಮುಟ್ಟದೆ ಹೋಗುವುದು ಅಲ್ಲಿ ಒಳ್ಳೆಯ ಡ್ರೈವಿಂಗ್. ಎಮ್ಮೆ ಅಡ್ಡ ಬಂದರೂ ವೇಗವನ್ನು ಮೊದಲೇ ಅಳೆದು, ಗೇರ್ ಬದಲಿಸದೆ ಹಾದು ಹೋಗಬೇಕು. ಹಿಂದೆ ಮಲಗಿದ ಮಗು ಏಳಬಾರದು. ನಾನು ಪ್ರತಿ ಹಳ್ಳಕ್ಕೂ ಗೇರ್ ಇಳಿಸುವುದನ್ನು ಕಂಡು ಮಾವನವರು, ‘ಯಾಕಮ್ಮಾ ಅದಕ್ಕೆ ಅಷ್ಟು ಕಾಟ ಕೊಡ್ತೀಯ?’ ಎಂದಿದ್ದರು. ನಮ್ಮಲ್ಲಿ ತಿರುವಿಗೆ ಮುಂಚೆ ಗೇರ್ ಇಳಿಸದವರು ದಡ್ಡರು, ಅಲ್ಲಿ ಇಳಿಸಿದವರು. ಒಂದೇ ರಾಜ್ಯ, ಒಂದೇ ಕನ್ನಡ, ನಡುವೆ ಸುಮಾರು ಇನ್ನೂರು ಕಿಲೋಮೀಟರ್ ಅಷ್ಟೇ.

ಆ ಅಂಬಾಸಡರಿನ ಗೇರ್ ರಾಡು ಸ್ಟೇರಿಂಗಿನ ಕಂಬಕ್ಕೇ ಅಂಟಿಕೊಂಡಿತ್ತು. ಪ್ರೀಮಿಯರ್ ಪದ್ಮಿನಿಗೂ ಹಾಗೆಯೇ. ರಾಡು ನೆಲದಲ್ಲಿ ಇಲ್ಲದಿದ್ದುದರಿಂದ ಮುಂದಿನ ಸೀಟು ಬಾಗಿಲಿನಿಂದ ಬಾಗಿಲಿಗೆ ಒಂದೇ ಬೆಂಚು. ಡ್ರೈವರ್ ಪಕ್ಕ ಇಬ್ಬರು ಸಲೀಸು, ಸಂತೆಯ ದಿನ ಮೂವರು. ಹಳ್ಳಿಗಳ ನಡುವೆ ಟ್ಯಾಕ್ಸಿಯಾಗಿ ಆ ಕಾರು ಅಷ್ಟು ವರ್ಷ ಬಾಳಿದ್ದಕ್ಕೆ ಅದರ ಗಟ್ಟಿ ಮೈಯಷ್ಟೇ ಈ ಬೆಂಚೂ ಕಾರಣ. 1983ರ ಕೊನೆಯಲ್ಲಿ ಬಂದ ಮಾರುತಿ 800 ರಾಡನ್ನು ಎರಡು ಸೀಟುಗಳ ನಡುವೆ ನೆಲಕ್ಕೆ ಇಳಿಸಿತು. ಅಲ್ಲಿಗೆ ಮುಂದಿನ ಮೂರನೆಯವರು ಹಿಂದಕ್ಕೆ ಹೋದರು. ಕಾರು ಊರಿನದಾಗಿದ್ದದ್ದು ಒಂದು ಸಂಸಾರದ್ದಾಯಿತು. ಗೇರ್ ರಾಡು ಎಲ್ಲಿರಬೇಕು ಎಂಬುದರಲ್ಲೂ ಒಂದು ಸಮಾಜದ ಕಥೆ ಇರುತ್ತದೆ.

ಸಮುದ್ರ ದಾಟಿದವರ ಮಾತಿಗೆ ಬರುತ್ತೇನೆ. ನನ್ನ ದೊಡ್ಡಪ್ಪನ ಮಗ ಮೂವತ್ತು ವರ್ಷದಿಂದ ಅಮೆರಿಕದಲ್ಲಿದ್ದಾನೆ. ಅವನ ಮಗ, ಅಲ್ಲೇ ಹುಟ್ಟಿ ಬೆಳೆದವನು, ಊರಿಗೆ ಬಂದಾಗ ಜೀಪಿನಲ್ಲಿ ಕೂತು ಮೂರು ಪೆಡಲ್‌ಗಳನ್ನು ನೋಡಿ, ‘ಅತ್ತೆ, ಇದು ಏತಕ್ಕೆ?’ ಎಂದು ಎಡದ್ದನ್ನು ತೋರಿಸಿ ಕೇಳಿದ. ಹುಡುಗನ ತಪ್ಪೇನೂ ಇಲ್ಲ. ಅವನ ದೇಶದಲ್ಲಿ ಕ್ಲಚ್ ಇಲ್ಲದ ಕಾರು ಅವನ ಅಜ್ಜನ ಕಾಲದ್ದು. ಓಲ್ಡ್ಸ್‌ಮೊಬೈಲ್ ಕಂಪನಿ ಹೈಡ್ರಾ-ಮ್ಯಾಟಿಕ್ ಎಂಬ ಗೇರ್ ಬಾಕ್ಸನ್ನು 1940ರ ಮಾದರಿಯ ಕಾರುಗಳಲ್ಲಿ ಇಟ್ಟು ಮಾರಿತು. ಎರಡನೇ ಮಹಾಯುದ್ಧದಲ್ಲಿ ಅದೇ ಗೇರ್ ಬಾಕ್ಸ್ ಅಮೆರಿಕದ ಕೆಲವು ಹಗುರ ಟ್ಯಾಂಕುಗಳಿಗೂ ಹೋಯಿತು. ಅದರ ಹೃದಯ ಸರಳವಾದದ್ದು. ಎರಡು ಟೇಬಲ್ ಫ್ಯಾನುಗಳನ್ನು ಎದುರುಬದುರು ಇಟ್ಟು ಒಂದನ್ನು ಹಾಕಿದರೆ, ಅದರ ಗಾಳಿಗೆ ಇನ್ನೊಂದೂ ತಿರುಗುತ್ತದಲ್ಲ, ಹಾಗೆ. ಗಾಳಿಯ ಬದಲು ಎಣ್ಣೆ. ಒಂದು ಕಡೆ ಎಂಜಿನ್, ಇನ್ನೊಂದು ಕಡೆ ಚಕ್ರಕ್ಕೆ ಹೋಗುವ ಗೇರುಗಳು. ನಡುವೆ ಕಬ್ಬಿಣದ ಬಿಗಿ ಹಿಡಿತ ಇಲ್ಲದ್ದರಿಂದ ಸಿಗ್ನಲ್ಲಿನಲ್ಲಿ ಕಾರು ನಿಂತರೂ ಎಂಜಿನ್ ಆಫ್ ಆಗುವುದಿಲ್ಲ.

ಆದರೆ ಎಣ್ಣೆಯ ಮೂಲಕ ದಾಟುವಾಗ ಒಂದಿಷ್ಟು ಶಕ್ತಿ ಬಿಸಿಯಾಗಿ ಕಳೆದುಹೋಗುತ್ತದೆ. ಎಲ್ಲ ವ್ಯತ್ಯಾಸವೂ ಈ ಸೋರಿಕೆಯಲ್ಲೇ ಇದೆ. ಅಮೆರಿಕದ ಕಾರುಗಳಿಗೆ ದೊಡ್ಡ ಎಂಜಿನ್, ಅಲ್ಲಿ ಪೆಟ್ರೋಲ್ ಅಗ್ಗ, ರಸ್ತೆ ಅಗಲ ಮತ್ತು ನೇರ. ಒಂದಿಷ್ಟು ಸೋರಿದರೆ ಯಾರೂ ಅಳಲಿಲ್ಲ. ಯುದ್ಧದಲ್ಲಿ ನಜ್ಜುಗುಜ್ಜಾದ ಯುರೋಪಿಗೆ ಆ ಧಾರಾಳತನ ಸಾಧ್ಯವಿರಲಿಲ್ಲ. ಅವರದು ಪುಟ್ಟ ಎಂಜಿನ್, ತೆರಿಗೆ ಹೊತ್ತ ಪೆಟ್ರೋಲ್, ಕಲ್ಲು ಹಾಸಿದ ಸಣ್ಣ ಬೀದಿಗಳು, ಆಲ್ಪ್ಸ್ ಪರ್ವತದ ತಿರುವುಗಳು. ಇದ್ದ ಚೂರುಪಾರು ಶಕ್ತಿಯನ್ನು ಪೂರ್ತಿ ಬಳಸಿಕೊಳ್ಳಬೇಕಾದರೆ ಎಡಗಾಲು ದುಡಿಯಲೇಬೇಕಿತ್ತು. ನಮ್ಮ ಕಥೆ ಯುರೋಪಿನದಕ್ಕೇ ಹತ್ತಿರ. ‘ಮೈಲೇಜ್ ಎಷ್ಟು ಕೊಡುತ್ತೆ?’ ಎಂಬುದು ನಮ್ಮಲ್ಲಿ ಕಾರಿನ ಬಗ್ಗೆ ಕೇಳುವ ಮೊದಲ ಪ್ರಶ್ನೆ. ಅದನ್ನು ಜಿಪುಣತನ ಎನ್ನುವವರಿದ್ದಾರೆ. ಸಂಬಳದ ಕೊನೆಯ ವಾರದಲ್ಲಿ ಇನ್ನೂರು ರೂಪಾಯಿಗೆ ಪೆಟ್ರೋಲ್ ಹಾಕಿಸಿದವರಿಗೆ ಅದು ಜಿಪುಣತನವಲ್ಲ ಎಂದು ಗೊತ್ತು.

ಕಾನೂನುಗಳೂ ಇದೇ ಜಾಡು ಹಿಡಿದಿವೆ. ಇಂಗ್ಲೆಂಡಿನಲ್ಲಿರುವ ನನ್ನ ತಂಗಿಯ ಮಗಳು ಭಾರತದ ಲೈಸೆನ್ಸಿನಲ್ಲಿ ಒಂದು ವರ್ಷ ಓಡಿಸಿ, ಅವಧಿ ಮುಗಿದ ಮೇಲೆ ಅಲ್ಲಿಯ ಪರೀಕ್ಷೆಗೆ ಕೂತಳು. ಕೈಗೂಸಿನ ತಾಯಿ, ಬೇಗ ಮುಗಿಯಲಿ ಎಂದು ಆಟೊಮ್ಯಾಟಿಕ್‌ನಲ್ಲಿ ಕೊಟ್ಟಳು. ಈಗ ಆ ಲೈಸೆನ್ಸಿನಲ್ಲಿ ಅವಳು ಗೇರಿನ ಕಾರು ಮುಟ್ಟುವ ಹಾಗಿಲ್ಲ. ಜಪಾನಿನಲ್ಲಿ 1991ರಿಂದ ಆಟೊಮ್ಯಾಟಿಕ್‌ಗೆ ಮಾತ್ರ ಎಂಬ ಲೈಸೆನ್ಸ್ ಬೇರೆಯೇ ಇದೆ. ಜರ್ಮನಿಯವರು 2021ರ ಏಪ್ರಿಲ್‌ನಲ್ಲಿ ನಡುವಿನ ದಾರಿ ಮಾಡಿದರು: ಗೇರಿನ ಕಾರಿನಲ್ಲಿ ಕನಿಷ್ಠ 10 ಪಾಠ ಮುಗಿಸಿ ಡ್ರೈವಿಂಗ್ ಸ್ಕೂಲಿನವರಿಗೆ ಒಪ್ಪಿಗೆಯಾದರೆ, ಪರೀಕ್ಷೆ ಆಟೊಮ್ಯಾಟಿಕ್‌ನಲ್ಲಿ ಕೊಟ್ಟರೂ ಎರಡನ್ನೂ ಓಡಿಸಬಹುದು. ನಮ್ಮ 1988ರ ಮೋಟಾರು ವಾಹನ ಕಾಯ್ದೆಯಲ್ಲಿ ಗೇರ್ ಇರುವ, ಗೇರ್ ಇಲ್ಲದ ಎಂಬ ಭೇದ ಇರುವುದು ದ್ವಿಚಕ್ರ ವಾಹನಕ್ಕೆ ಮಾತ್ರ. ಕಾರಿನ ಲೈಸೆನ್ಸಿನಲ್ಲಿ ಅದಿಲ್ಲ. ಕಾಯ್ದೆ ಬರೆಯುವಾಗ ಗೇರ್ ಇಲ್ಲದ ಕಾರು ನಮ್ಮ ರಸ್ತೆಯಲ್ಲಿ ಎಲ್ಲಿತ್ತು? ಗೇರ್ ಇಲ್ಲದ ಸ್ಕೂಟರು ಮಾತ್ರ ಇತ್ತು.

ಈ ಸ್ಕೂಟರಿನ ವಿಷಯದಲ್ಲಿ ನಾನು ಸ್ವಲ್ಪ ಹೊತ್ತು ನಿಲ್ಲಲೇಬೇಕು. ನಮ್ಮ ಕಾಲದ ಬಜಾಜ್ ಚೇತಕ್‌ನ ಗೇರು ಎಡಗೈಯಲ್ಲಿತ್ತು. ಕ್ಲಚ್ ಹಿಡಿದು ಇಡೀ ಹಿಡಿಯನ್ನೇ ತಿರುಗಿಸಬೇಕು. ಸ್ಟಾರ್ಟ್ ಆಗದಿದ್ದರೆ ಗಾಡಿಯನ್ನೇ ಪಕ್ಕಕ್ಕೆ ವಾಲಿಸಿ, ನೆಟ್ಟಗೆ ಮಾಡಿ, ಒದೆಯಬೇಕು. ಸೀರೆ ಉಟ್ಟವರಿಗೆ ಅದು ಆಗದ ಕೆಲಸವಲ್ಲ, ಆದರೆ ನಡುಬೀದಿಯಲ್ಲಿ ಹತ್ತು ಜನ ನೋಡುತ್ತಿರುವಾಗ ಮಾಡಬೇಕಾದ ಕೆಲಸ. ಎಂಬತ್ತರ ದಶಕದಲ್ಲಿ ಕೈನೆಟಿಕ್ ಹೋಂಡಾ ಬಂತು. ಗುಂಡಿ ಒತ್ತಿದರೆ ಸ್ಟಾರ್ಟ್, ಹಿಡಿ ತಿರುಗಿಸಿದರೆ ಓಟ. ತೊಂಬತ್ತರ ದಶಕದಲ್ಲಿ ಟಿವಿಎಸ್ ಸ್ಕೂಟಿ, ಆಮೇಲೆ ಹೋಂಡಾ ಆಕ್ಟಿವಾ. ಶಿವಮೊಗ್ಗ, ಹಾಸನ, ದಾವಣಗೆರೆಯ ಬೀದಿಗಳಲ್ಲಿ ಟೀಚರುಗಳು, ನರ್ಸುಗಳು, ಬ್ಯಾಂಕಿನ ಗುಮಾಸ್ತೆಯರು, ಟ್ಯೂಷನ್ನಿಗೆ ಹೋಗುವ ಹುಡುಗಿಯರು ಯಾರನ್ನೂ ಕಾಯದೆ ಹೊರಟರು. ನನ್ನ ನಾದಿನಿ ಸ್ಕೂಟಿ ಕೊಂಡ ಮೇಲೆ, ‘ಇನ್ನು ತವರಿಗೆ ಹೋಗಕ್ಕೆ ನಾನು ಯಾರನ್ನೂ ಕೇಳಬೇಕಾಗಿಲ್ಲ’ ಎಂದದ್ದು ನನ್ನ ಕಿವಿಯಲ್ಲಿದೆ. ಹೆಣ್ಣುಮಕ್ಕಳಿಗೆ ಓದಿನ ನಂತರ ಸಿಕ್ಕ ದೊಡ್ಡ ಬಿಡುಗಡೆ ಗೇರ್ ಇಲ್ಲದ ಆ ಪುಟ್ಟ ಗಾಡಿ ಎಂದು ನಾನು ಗಟ್ಟಿಯಾಗಿ ಹೇಳಬಲ್ಲೆ.

ಅದಕ್ಕೇ ಯಾರಾದರೂ ಆಟೊಮ್ಯಾಟಿಕ್ ಕಾರನ್ನು ‘ಹೆಂಗಸರ ಗಾಡಿ’ ಎಂದು ತಳ್ಳಿಹಾಕಿದರೆ ನನಗೆ ನೋವಾಗುತ್ತದೆ. ಹೇಳುವವರು ಬಹಳ ಸಲ ಆಕ್ಟಿವಾದಲ್ಲೇ ಬಂದಿರುತ್ತಾರೆ. ಗಂಡಸರೂ ಚೇತಕ್‌ನ ಗೇರನ್ನು ಒಂದು ಹನಿ ಕಣ್ಣೀರಿಲ್ಲದೆ ಬಿಟ್ಟುಕೊಟ್ಟರು; ಕಾರಿನ ಗೇರಿಗೆ ಬಂದಾಗ ಮಾತ್ರ ಅದು ಪೌರುಷದ ಗುರುತಾಗುತ್ತದೆ. ಗೇರನ್ನು ನಾನೂ ಪ್ರೀತಿಸುತ್ತೇನೆ, ಆಗುಂಬೆಯಲ್ಲಿ ಕಲಿತವಳು. ಆ ಪ್ರೀತಿಗೆ ಇನ್ನೊಬ್ಬರನ್ನು ಕೀಳು ಮಾಡುವ ಅಗತ್ಯವಿಲ್ಲ. ನಮ್ಮ ಆಫೀಸಿನಲ್ಲಿ ಪೋಲಿಯೊದಿಂದ ಎಡಗಾಲು ಸೊರಗಿದ ಸಹೋದ್ಯೋಗಿಯೊಬ್ಬರಿದ್ದರು. ನಲವತ್ತೆರಡನೇ ವಯಸ್ಸಿನಲ್ಲಿ ಆಟೊಮ್ಯಾಟಿಕ್ ಕಾರು ಕೊಂಡು, ಮೊದಲ ಭಾನುವಾರ ತಮ್ಮ ತಾಯಿಯನ್ನು ಕೂರಿಸಿಕೊಂಡು ಒಬ್ಬರೇ ಶ್ರೀರಂಗಪಟ್ಟಣಕ್ಕೆ ಹೋಗಿ ಬಂದರು. ಸೋಮವಾರ ನಮಗೆಲ್ಲ ಪ್ರಸಾದ ಕೊಟ್ಟರು. ಆ ಪ್ರಸಾದ ತಿಂದವರು ಯಾರೂ ಆಮೇಲೆ ನಮ್ಮಲ್ಲಿ ‘ಹೆಂಗಸರ ಗಾಡಿ’ ಎನ್ನಲಿಲ್ಲ.

ಬೆಂಗಳೂರು ನನ್ನ ಎಡಗಾಲಿಗೆ ಬೇರೆ ಪಾಠ ಹೇಳಿತು. ಮಲೆನಾಡಿನಲ್ಲಿ ಕ್ಲಚ್ ಒತ್ತುವುದಕ್ಕೊಂದು ಕಾರಣವಿರುತ್ತದೆ: ತಿರುವು, ಏರು, ಎದುರು ಬರುವ ಬಸ್ಸು. ಸಿಲ್ಕ್ ಬೋರ್ಡಿನ ಹತ್ತಿರ ಅದಕ್ಕೆ ಕಾರಣವಿಲ್ಲ. ಮುಂದಿನ ಕಾರು ಮೂರಡಿ ಸರಿಯಿತು, ಒತ್ತು; ನಿಂತಿತು, ಒತ್ತು. ಒಂದು ಸಂಜೆ ಜಯನಗರದಿಂದ ಮಾರತ್ತಹಳ್ಳಿಗೆ ಹೋಗುವಾಗ ಎಣಿಸತೊಡಗಿ, 300 ದಾಟಿದ ಮೇಲೆ ಬಿಟ್ಟುಬಿಟ್ಟೆ. ಆ ಇಡೀ ದಾರಿಯಲ್ಲಿ ಮೂರನೇ ಗೇರ್ ಬಿದ್ದದ್ದು ಎರಡೇ ಸಲ. ಮನೆಗೆ ಬಂದು ಮೆಟ್ಟಿಲು ಹತ್ತುವಾಗ ಮಂಡಿ ಸಣ್ಣಗೆ ನಡುಗುತ್ತಿತ್ತು. ನಾನು ಒಂದು ವಿದ್ಯೆಯನ್ನು, ಅದು ಬೇಕಿಲ್ಲದ ಜಾಗದಲ್ಲಿ ಖರ್ಚು ಮಾಡುತ್ತಿದ್ದೇನೆ ಎಂದು ಅವತ್ತು ಅನ್ನಿಸಿತು.

ಈ ಊರು ಅದನ್ನು ಮೊದಲೇ ಊಹಿಸಿತ್ತೇನೋ. 2001ರಲ್ಲಿ ಬೆಂಗಳೂರಿನಲ್ಲೇ ತಯಾರಾದ ರೇವಾ ಎಂಬ ಪುಟ್ಟ ವಿದ್ಯುತ್ ಕಾರಿಗೆ ಕ್ಲಚ್ ಇರಲಿಲ್ಲ; ಲಂಡನ್ನಿನ ಬೀದಿಗಳಿಗೂ ಹೋಗಿ ಜಿ-ವಿಜ್ ಎಂಬ ಹೆಸರಿನಲ್ಲಿ ಓಡಾಡಿತು. ಬಿಎಂಟಿಸಿಯವರು ಕೆಂಪು ವೋಲ್ವೋ ಬಸ್ಸು ತಂದ ಹೊಸತರಲ್ಲಿ ನಾನು ಮುಂದಿನ ಸೀಟಿನಲ್ಲಿ ಕೂತು ಡ್ರೈವರ್ ಕೈಯನ್ನೇ ನೋಡಿದ್ದೆ. ಗೇರ್ ರಾಡು ಇರಬೇಕಾದಲ್ಲಿ ಏನೂ ಇರಲಿಲ್ಲ. ಅವರ ಎಡಗೈ ಆಗಾಗ ತೊಡೆಯ ಮೇಲೆ ಸುಮ್ಮನೆ ಮಲಗುತ್ತಿತ್ತು. ಎಂಟು ಗಂಟೆ ಪಾಳಿ ಮುಗಿಸಿ ಮನೆಗೆ ಹೋಗುವ ಮನುಷ್ಯನ ಮಂಡಿಯಲ್ಲಿ ಅದರಿಂದ ಎಷ್ಟು ಉಳಿಯಿತೋ. ಅದೇ ಹೊತ್ತಿನಲ್ಲಿ ಬಿಡದಿಯ ಟೊಯೊಟಾ ಆವರಣದಲ್ಲಿ ನಮ್ಮ ಹುಡುಗರು ತಯಾರಿಸಿದ ಕೈಗೇರಿನ ಬಾಕ್ಸುಗಳು ಹೊರದೇಶದ ಕಾರ್ಖಾನೆಗಳಿಗೆ ಹಡಗು ಹತ್ತುತ್ತಿದ್ದವು.

2014ರಲ್ಲಿ ಮಾರುತಿ ಸೆಲೆರಿಯೊ ತಂದ ಎಎಂಟಿ ಮಧ್ಯಮ ವರ್ಗದ ಮನೆಗಳಿಗೆ ಬಾಗಿಲು ತೆರೆಯಿತು. ಎಎಂಟಿಯಲ್ಲಿ ಎಣ್ಣೆಯ ಫ್ಯಾನುಗಳಿಲ್ಲ. ಗೇರ್ ಬಾಕ್ಸು ಹಳೆಯದೇ, ಕ್ಲಚ್ಚೂ ಹಳೆಯದೇ. ಅದನ್ನು ಒತ್ತುವ ಕಾಲು ಮಾತ್ರ ಯಂತ್ರದ್ದು. ಅದಕ್ಕೇ ಮೈಲೇಜ್ ಕಡಿಮೆಯಾಗಲಿಲ್ಲ, ಬೆಲೆಯೂ ಸ್ವಲ್ಪ ಮಾತ್ರ ಹೆಚ್ಚು. ಗೇರ್ ಬದಲಾಗುವಾಗ ಒಂದು ಕ್ಷಣ ತಡೆದು ತಲೆ ಮುಂದಕ್ಕೆ ತೂಗುತ್ತದೆ. ಬೆಂಗಳೂರಿನಲ್ಲಿ ಅದು ಲೆಕ್ಕಕ್ಕಿಲ್ಲ. ಘಾಟಿಯ ತಿರುವಿನಲ್ಲಿ ಮಾತ್ರ ಆ ಒಂದು ಕ್ಷಣ ಬಹಳ ಉದ್ದ. ಯಂತ್ರಕ್ಕೆ ಏರು ಬಂದಿದೆ ಎಂದು ತಿಳಿಯುವುದು ಏರಿಗೆ ಬಂದ ಮೇಲೆ. ಚಿಕ್ಕಪ್ಪನಿಗೆ ತಿರುವಿನ ಆಚೆಯ ಮತ್ತಿ ಮರ ಕಂಡಾಗಲೇ ತಿಳಿಯುತ್ತಿತ್ತು. ಇನ್ನೊಂದು ಎಚ್ಚರ ಬೇಕು. ಏರಿನಲ್ಲಿ ಎಎಂಟಿ ಕಾರನ್ನು ಆಕ್ಸಲರೇಟರ್ ಮೇಲೆಯೇ ಹಿಡಿದು ನಿಲ್ಲಿಸಬಾರದು, ಬ್ರೇಕಿನಲ್ಲಿ ಹಿಡಿಯಬೇಕು. ಒಳಗಿರುವುದು ಅದೇ ಕ್ಲಚ್ ಪ್ಲೇಟ್, ಅದೇ ರೀತಿ ಸುಡುತ್ತದೆ. ಸುಟ್ಟರೆ ತೀರ್ಥಹಳ್ಳಿಯ ಮೆಕ್ಯಾನಿಕ್ ಮಧ್ಯಾಹ್ನದೊಳಗೆ ಬಿಚ್ಚಿ ಹಾಕಿಕೊಡುವ ಕೆಲಸ ಅದಲ್ಲ. ಶಿವಮೊಗ್ಗವೋ ಮಂಗಳೂರೋ ಆಗಬೇಕು. ಊರಿನವರು ಗೇರಿನ ಗಾಡಿಯನ್ನೇ ಹಿಡಿದುಕೊಂಡಿರುವುದಕ್ಕೆ ಇಷ್ಟು ಕಾರಣ ಸಾಲದೇ?

ಮೂರು ವರ್ಷದ ಹಿಂದೆ ಮಗಳು ಆಟೊಮ್ಯಾಟಿಕ್ ಕೊಂಡಳು. ಎಎಂಟಿ ಅಲ್ಲ, ಎಣ್ಣೆಯ ಫ್ಯಾನಿನದು. ಮೊದಲ ದಿನ ನಾನು ಓಡಿಸುವಾಗ ಹಂಪ್ ಕಂಡಿತು. ಮೂವತ್ತು ವರ್ಷಕ್ಕೂ ಮೀರಿದ ಅಭ್ಯಾಸದಂತೆ ಎಡಗಾಲು ಎದ್ದು ಕ್ಲಚ್ ಹುಡುಕಿ, ಸಿಕ್ಕಿದ ಅಗಲದ ಪೆಡಲನ್ನು ಬಲವಾಗಿ ಒತ್ತಿತು. ಅದು ಬ್ರೇಕು. ಕಾರು ನೆಲಕ್ಕೆ ಮೊಳೆ ಹೊಡೆದ ಹಾಗೆ ನಿಂತಿತು. ಬೆಲ್ಟ್ ಇಲ್ಲದಿದ್ದರೆ ಮಗಳ ಹಣೆ ಡ್ಯಾಶ್‌ಬೋರ್ಡಿಗೆ ಬಡಿಯುತ್ತಿತ್ತು. ಹಿಂದೆ ಬೈಕಿನವನು ಹೇಗೋ ಪಕ್ಕಕ್ಕೆ ಹೊರಳಿಸಿಕೊಂಡ. ಗೇರಿನಿಂದ ಆಟೊಮ್ಯಾಟಿಕ್‌ಗೆ ಬರುವ ಎಲ್ಲರಿಗೂ ಇದನ್ನು ಹೇಳಲೇಬೇಕು: ಮೊದಲ ವಾರ ಎಡಗಾಲನ್ನು ಸೀಟಿನ ಕಡೆಗೆ ಮಡಚಿಟ್ಟುಕೊಳ್ಳಿ. ಎರಡೂ ಪೆಡಲ್ ಬಲಗಾಲಿನವು. ಎಡಗಾಲಿಗೆ ಕ್ಲಚ್ಚಿನ ಪೂರ್ತಿ ಒತ್ತು ಮಾತ್ರ ಗೊತ್ತು, ಬ್ರೇಕಿನ ನಯ ಗೊತ್ತಿಲ್ಲ.

ಕಳೆದ ಚಳಿಗಾಲದಲ್ಲಿ ಚಿಕ್ಕಪ್ಪನನ್ನು ಮಣಿಪಾಲಕ್ಕೆ ಕರೆದುಕೊಂಡು ಹೋಗಬೇಕಾಯಿತು. ಅವನಿಗೀಗ 74. ಎಡಮಂಡಿ ಸವೆದು, ಜೀಪಿನ ಕ್ಲಚ್ ಒತ್ತಲಾಗದೆ ಓಡಿಸುವುದನ್ನು ಬಿಟ್ಟು ಮೂರು ವರ್ಷವಾಗಿತ್ತು. ಲೈಸೆನ್ಸನ್ನು ಮಾತ್ರ ಬಿಡದೆ ನವೀಕರಿಸಿ, ಪಂಚಾಂಗದ ಜೊತೆ ಇಟ್ಟುಕೊಂಡಿದ್ದ. ಮಗಳ ಕಾರಿನಲ್ಲಿ ನಾವಿಬ್ಬರೇ ಹೊರಟೆವು. ಆಗುಂಬೆ ದಾಟಿ ಮೊದಲ ತಿರುವಿಗೆ ಇಳಿಯುವ ಮುಂಚೆ ಚಿಕ್ಕಪ್ಪ ಕೇಳಿದ: ‘ಇದರಲ್ಲಿ ಎರಡನೇ ಗೇರ್ ಎಲ್ಲಿಟ್ಟಾರೆ?’

ನಾನು ರಾಡನ್ನು ಪಕ್ಕಕ್ಕೆ ಸರಿಸಿ ತೋರಿಸಿದೆ. ನಾವೇ ಗೇರ್ ಹೇಳಿ ಅದೇ ಗೇರಿನಲ್ಲಿ ಹಿಡಿದಿಡುವ ಸೌಕರ್ಯ ಬಹಳಷ್ಟು ಆಟೊಮ್ಯಾಟಿಕ್ ಕಾರುಗಳಲ್ಲಿದೆ, ಎರಡಕ್ಕೆ ಇಳಿಸಿದೆ. ಎಂಜಿನ್ ದನಿ ಮೇಲೇರಿ ಕಾರು ಬಿಗಿಹಿಡಿದುಕೊಂಡಿತು. ಚಿಕ್ಕಪ್ಪ ಕಿಟಕಿ ಗಾಜು ಇಳಿಸಿ ಆ ದನಿಯನ್ನೇ ಕೇಳುತ್ತ ಕೂತ. ಏಳನೇ ತಿರುವು ಕಳೆದ ಮೇಲೆ ‘ಹಿಡಿತೈತೆ’ ಎಂದ. ಅಷ್ಟೇ. ಆಮೇಲೆ ಅಡಿಕೆಯ ಧಾರಣೆಯ ಮಾತು ತೆಗೆದ. ಎದುರಿಗೆ ಒಂದು ವಿದ್ಯುತ್ ಕಾರು ಸದ್ದಿಲ್ಲದೆ ಏರಿ ಬಂತು. ನಾನು ನಿಂತು ದಾರಿ ಬಿಟ್ಟೆ. ಉಡುಪಿಯಲ್ಲಿರುವ ನಮ್ಮ ಹುಡುಗನೊಬ್ಬನ ಹತ್ತಿರ ಅಂಥದ್ದಿದೆ. ಘಾಟಿ ಇಳಿಯುವಾಗ ಬ್ಯಾಟರಿ ಎರಡು ಮೂರು ಅಂಕ ತಾನಾಗಿ ತುಂಬಿಕೊಳ್ಳುತ್ತದಂತೆ ಎಂದು ಚಿಕ್ಕಪ್ಪನಿಗೆ ಹೇಳಿದೆ. ಇಳಿಜಾರೇ ಬ್ಯಾಟರಿ ತುಂಬುತ್ತದೆ ಎಂಬ ಮಾತು ಅವನಿಗೆ ಒಂದಿಷ್ಟೂ ಹೊಸದೆನ್ನಿಸಲಿಲ್ಲ. ‘ಮತ್ತೆ? ನಮ್ದೂ ಹಂಗೇ ಅಲ್ಲನೇ ಇದ್ದದ್ದು’ ಎಂದ.

ಡಾಕ್ಟರು ಮಂಡಿ ನೋಡಿ, ನಡೆಯುವುದಕ್ಕೆ ವ್ಯಾಯಾಮ ಹೇಳಿದರು. ಆಟೊಮ್ಯಾಟಿಕ್ ಓಡಿಸಬಹುದೇ ಎಂದು ನಾನೇ ಕೇಳಿದೆ. ಬಲಗಾಲಿನ ಬಲವನ್ನೂ ಕಣ್ಣನ್ನೂ ಪರೀಕ್ಷಿಸಿ, ನಿಧಾನವಾಗಿ, ಹಗಲು ಹೊತ್ತು, ಹತ್ತಿರಕ್ಕೆ ಎಂದರು. ವಾಪಸು ಘಾಟಿಯನ್ನು ನಾನೇ ಹತ್ತಿಸಿದೆ. ಆಗುಂಬೆಯಲ್ಲಿ ಕಾಫಿ ಕುಡಿದು ಹೊರಬಂದಾಗ ಕೀಲಿಯನ್ನು ಅವನ ಕೈಗೆ ಕೊಟ್ಟೆ. ಅವನು ನನ್ನ ಮುಖ ನೋಡಲಿಲ್ಲ, ಕಾರಿನ ಚಕ್ರಗಳನ್ನು ಒಂದು ಸುತ್ತು ನೋಡಿಕೊಂಡು ಬಂದ. ಕೂತು, ಎಡಗಾಲನ್ನು ಎರಡೂ ಕೈಯಿಂದ ಎತ್ತಿ ಸೀಟಿನ ಕಡೆಗೆ ಸರಿಸಿಟ್ಟುಕೊಂಡ, ನಿದ್ದೆ ಬಂದ ಮಗುವನ್ನು ಪಕ್ಕಕ್ಕೆ ಮಲಗಿಸುವ ಹಾಗೆ. ಬ್ರೇಕಿನಿಂದ ಕಾಲು ತೆಗೆದಾಗ ಕಾರು ತಾನಾಗಿ ಮೆಲ್ಲನೆ ತೆವಳತೊಡಗಿತು. ಒಂದು ಕ್ಷಣ ಗಾಬರಿಯಾದ. ಆಮೇಲೆ ಅದರ ನಡಿಗೆ ಕಿವಿಗೆ ಹತ್ತಿತು. ಸಂಜೆ ಬಿಸಿಲಿನಲ್ಲಿ, ಗದ್ದೆ ಬಯಲು, ಅಡಿಕೆ ತೋಟ, ಮತ್ತೆ ಕಾಡು. ಮೂರು ವರ್ಷ ಪಕ್ಕದ ಸೀಟಿನಿಂದ ನೋಡಿದ್ದ ರಸ್ತೆಯಲ್ಲಿ ಅವನು ಮಾತಿಲ್ಲದೆ ಓಡಿಸಿದ. ಒಂದೊಂದು ತಿರುವಿಗೂ ಎಡಗೈ ರಾಡಿನ ಮೇಲೆ ಹೋಗಿ, ಸುಮ್ಮನೆ ಅಲ್ಲಿದ್ದು, ಹಿಂದಕ್ಕೆ ಬರುತ್ತಿತ್ತು.

ಮನೆಯ ಅಂಗಳಕ್ಕೆ ಬಂದಾಗ ಕಾರನ್ನು ತಿರುಗಿಸಿ, ಹಿಂದೆ ಜೀಪು ನಿಲ್ಲುತ್ತಿದ್ದ ಜಾಗಕ್ಕೇ ತಂದ, ಏರಿನ ನೆತ್ತಿಗೆ, ಮೂತಿ ಕೆಳಗೆ ಮಾಡಿ. ರಾಡನ್ನು ‘ಪಿ’ಗೆ ತರಲು ಹೇಳಿದೆ. ತಂದ. ಹ್ಯಾಂಡ್ ಬ್ರೇಕ್ ಎಳೆದ. ‘ಒಳಗೆ ಲಾಕ್ ಆಗಿದೆ ಚಿಕ್ಕಪ್ಪ, ಇನ್ನು ಎಲ್ಲೂ ಹೋಗಲ್ಲ’ ಎಂದೆ.

‘ಆತು’ ಎಂದ. ಕಾಲು ಮಾತ್ರ ಬ್ರೇಕಿನ ಮೇಲೆಯೇ ಇತ್ತು. ಅವನು ಕೊಟ್ಟಿಗೆಯ ಗೋಡೆಯ ಬುಡವನ್ನು ನೋಡುತ್ತಿದ್ದ. ನಾನೂ ನೋಡಿದೆ. ಪಾಚಿ ಕಟ್ಟಿ ಹಸಿರಾಗಿದ್ದರೂ ಅದೇ, ಒಂದು ಮಗ್ಗುಲು ಚಪ್ಪಟೆ. ಇಳಿದು ಹೋಗಿ ಎತ್ತಿಕೊಂಡು ಬಂದು ಮುಂದಿನ ಚಕ್ರಕ್ಕೆ ಕೊಟ್ಟು, ‘ಕೊಟ್ಟಾಯ್ತು’ ಎಂದು ಕೂಗಿದೆ. ಚಿಕ್ಕಪ್ಪ ಬ್ರೇಕಿನಿಂದ ಕಾಲು ತೆಗೆದ.